ಪಲ್ಲಡಂ ಶೆಡ್ಡಿನಲ್ಲೊಂದು ಗಾಲಿ ಮನೆ

ಪಲ್ಲಡಂ ದಾಟಿ ಉಡುಮಲೈಪೇಟೆಯ ಕಡೆಗೆ ಹೊರಟರೆ ದಾರಿಯುದ್ದಕ್ಕೂ ತೆಂಗಿನ ತೋಟ, ತೆಂಗಿನ ತಲೆಯ ಮೇಲೆ ತಿರುಗುವ ಗಾಳಿಯಂತ್ರ. ಅಂಥ ಒಂದು ತೋಟದೊಳಗಿನ ಶೀಟಿನ ಶೆಡ್ಡಿನಲ್ಲಿ ನೋಡಿದ್ದನ್ನು ಸಿಕ್ಕಿದವರಿಗೆಲ್ಲ ಹೇಳುತ್ತಾ ಬಂದಿದ್ದೇನೆ, ಇನ್ನೂ ಹೇಳಿ ಮುಗಿದಿಲ್ಲ. ಎಂಟಡಿ ಉದ್ದ, ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ ಒಂದು ಮಲಗುವ ಕೋಣೆ ಅಲ್ಲಿ ಎರಡು ಚಕ್ರದ ಮೇಲೆ ನಿಂತಿದೆ. ಮುಂಭಾಗ ದುಂಡಗೆ ಬಾಗಿದೆ, ಹಿಂಭಾಗ ಇಳಿಜಾರಾಗಿ ಇಳಿದಿದೆ, ಮೈತುಂಬ ಅಲ್ಯೂಮಿನಿಯಂ ತಗಡು. ಬದಿಯ ಬಾಗಿಲು ತೆರೆದರೆ ಇಬ್ಬರಿಗೆ ಸಾಲುವ ಹಾಸಿಗೆ. ಹಿಂದಿನ ಮುಚ್ಚಳ ಎತ್ತಿದರೆ ಅಡುಗೆಕಟ್ಟೆ, ಡಬ್ಬಿಗಳಿಗೆ ಗೂಡು. ಕಾರಿನ ಹಿಂದೆ ಕಟ್ಟಿಕೊಂಡು ಹೋಗಲೆಂದು ಮಾಡಿದ ಈ ಬಿಡಾರವನ್ನು ಕಟ್ಟಿದವರು ಪಂಪು ಫೌಂಡ್ರಿಯೊಂದರಲ್ಲಿ ಪ್ಯಾಟರ್ನ್ ಮೇಕರ್ ಆಗಿ ದುಡಿದು ನಿವೃತ್ತರಾದ ಹಿರಿಯರು.

ಅವರದು ದೇವಾಂಗರ ಮನೆ. ಒಳಗೆ ಕನ್ನಡ, ಬೀದಿಗಿಳಿದರೆ ತಮಿಳು. ಕೊಯಮತ್ತೂರು ಸೀಮೆಯಲ್ಲಿ ಇದೇನೂ ಅಪರೂಪವಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಮ್ಮ ಕೊಳ್ಳೇಗಾಲವೂ ಇದೇ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ತಿರುಪ್ಪೂರು ಬೇರೆ ಜಿಲ್ಲೆಯಾದದ್ದು 2009ರಲ್ಲಿ. ಗಡಿಗಳು ಹೀಗೆ ಸರಿದಾಡಿದರೂ ಮಗ್ಗ ಹಿಡಿದ ಮನೆಗಳಲ್ಲಿ ಕನ್ನಡ ಉಳಿದಿದೆ. “ಬನ್ನಿ, ಮೊದಲು ಒಳಗೆ ಮಲಗಿ ನೋಡಿ, ಆಮೇಲೆ ಮಾತು” ಎಂದರು ಅಣ್ಣ. ಮಲಗಿದೆ. ಛಾವಣಿ ಕೈಗೆ ಎಟಕುತ್ತದೆ, ಆದರೂ ಉಸಿರುಗಟ್ಟುವುದಿಲ್ಲ. ಎರಡೂ ಬದಿಗೆ ಜಾಲರಿಯ ಕಿಟಕಿ, ನೆತ್ತಿಯ ಮೇಲೆ ಗಾಳಿಗಿಂಡಿ ಇಟ್ಟಿದ್ದಾರೆ.

ಪ್ಯಾಟರ್ನ್ ಮೇಕರ್ ಎಂದರೆ ಎರಕಕ್ಕೆ ಮುನ್ನ ಪಂಪಿನ ಹೊರಮೈಯನ್ನು ಮರದಲ್ಲಿ ಕಡೆದು ಕೊಡುವವರು. ಕರಗಿದ ಕಬ್ಬಿಣ ಆರುವಾಗ ಎಷ್ಟು ಕುಗ್ಗುತ್ತದೆ ಎಂಬುದನ್ನು ಮೊದಲೇ ಎಣಿಸಿ, ಅಷ್ಟು ದೊಡ್ಡದಾಗಿ ಮರವನ್ನು ಕಡೆಯಬೇಕು. ಇಂಥ ಲೆಕ್ಕದಲ್ಲೇ ಆಯುಷ್ಯ ಕಳೆದ ಕೈಗೆ ಪ್ಲೈವುಡ್ ಬಾಗಿಸುವುದು ದೊಡ್ಡ ಮಾತಲ್ಲ.

ಹಾಳೆಯ ಅಳತೆಯೇ ಮನೆಯ ಅಳತೆ

ಈ ಆಕಾರದ ಟ್ರೇಲರ್ ಹುಟ್ಟಿದ್ದು 1930ರ ದಶಕದ ಅಮೆರಿಕದಲ್ಲಿ. ಅದಕ್ಕೂ ಮೊದಲು, 1885ರಲ್ಲಿ, ಗಾರ್ಡನ್ ಸ್ಟೇಬಲ್ಸ್ ಎಂಬ ಸ್ಕಾಟ್ ವೈದ್ಯ ಕುದುರೆ ಎಳೆಯುವ ಬಿಡಾರದ ಗಾಡಿಯೊಂದನ್ನು ಕಟ್ಟಿಸಿಕೊಂಡು ಬ್ರಿಟನ್ ಸುತ್ತಿದ್ದ. ಸುತ್ತಾಟಕ್ಕೆಂದೇ ಮಾಡಿಸಿದ ಮೊದಲ ಕ್ಯಾರವಾನ್ ಎಂದು ಅದನ್ನೇ ಎಣಿಸುತ್ತಾರೆ. ಅದು ಉಳ್ಳವರ ಹವ್ಯಾಸ. ಕಣ್ಣೀರ ಹನಿಯನ್ನು ಅಡ್ಡ ಮಲಗಿಸಿದಂತಿರುವ ಅಮೆರಿಕದ ಪುಟ್ಟ ಟ್ರೇಲರ್ ಮಾತ್ರ ಸಾಮಾನ್ಯರ ಹಿತ್ತಲಿನಲ್ಲಿ ಬೆಳೆಯಿತು. ಕುಶಲಕೆಲಸದ ಮಾಸಪತ್ರಿಕೆಗಳು ನಕ್ಷೆ ಅಚ್ಚು ಹಾಕಿದವು, ಓದುಗರು ಗರಗಸ ಹಿಡಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಯೂಮಿನಿಯಂ ಸಲೀಸಾಗಿ ಸಿಗತೊಡಗಿ ಈ ಗೀಳು ಇನ್ನಷ್ಟು ಹಬ್ಬಿತು.

ಎಂಟಡಿ, ನಾಲ್ಕಡಿ ಎಂಬ ಅಳತೆ ಎಲ್ಲಿಂದ ಬಂತು ಎನ್ನುವವರು ಮರದಂಗಡಿಗೆ ಹೋಗಿ ನೋಡಬೇಕು. ಪ್ಲೈವುಡ್ ಹಾಳೆ ಬರುವುದೇ 8×4 ಅಡಿಯಲ್ಲಿ. ಒಂದು ಹಾಳೆ ನೆಲಕ್ಕೆ, ಒಂದೊಂದು ಎರಡು ಬದಿಗೆ. ಅಣ್ಣ ಬಳಸಿದ್ದು ನೀರಿಗೆ ಜಗ್ಗದ ಮರೈನ್ ಪ್ಲೈ. ಎರಡೂ ಬದಿಯ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಒಟ್ಟಿಗೇ ಕೊಯ್ದಿದ್ದಾರೆ, ಹಾಗಾಗಿ ಎಡಬಲ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನಡುವೆ ಮರದ ಪಟ್ಟಿಗಳು, ಪಟ್ಟಿಗಳ ಸಂದಿಗೆ ಥರ್ಮೋಕೋಲ್, ಮೇಲೆ ತಗಡು. ತಗಡಿನ ಪ್ರತಿ ಅಂಚಿಗೂ ಸೀಲೆಂಟ್ ತುಂಬಿ ಪಟ್ಟಿ ಬಡಿದಿದ್ದಾರೆ. ಮರದ ಟ್ರೇಲರನ್ನು ಕೊಲ್ಲುವುದು ಅಂಚಿನಿಂದ ಇಳಿಯುವ ಮಳೆನೀರು ಎಂಬುದು ಅವರ ದೃಢವಾದ ಮಾತು.

ಅಡಿಯ ಚೌಕಟ್ಟು ಚದರ ಕಬ್ಬಿಣದ ಪೈಪಿನದು. ಅಚ್ಚು ಗುಜರಿಯಿಂದ ತಂದ ಮಾರುತಿ 800ರ ಹಿಂಬದಿಯದು. ಈ ಆಯ್ಕೆ ನನಗೆ ಬಹಳ ಹಿಡಿಸಿತು. 800ರಲ್ಲಿ ಎಂಜಿನ್ನಿನ ಶಕ್ತಿ ಮುಂದಿನ ಚಕ್ರಗಳಿಗೆ ಹೋಗುತ್ತದೆ, ಹಿಂದಿನ ಅಚ್ಚಿನದು ಭಾರ ಹೊರುವ ಕೆಲಸ ಮಾತ್ರ. ಗೇರು ತುಂಬಿದ ಉಂಡೆಯಿಲ್ಲ, ಬೇಡದ ತೂಕವಿಲ್ಲ. ಅದರ 12 ಇಂಚಿನ ಚಕ್ರಕ್ಕೆ ಟೈರು ಬೇಕಾದರೆ ಹಳ್ಳಿಯಲ್ಲೂ ಸಿಕ್ಕೀತು. 1983ರಲ್ಲಿ ರಸ್ತೆಗಿಳಿದು 2014ರಲ್ಲಿ ತಯಾರಿಕೆ ನಿಂತ ಆ ಕಾರು ಹೀಗೊಂದು ಮನೆಯನ್ನು ಹೊರುತ್ತದೆ ಎಂದು ಯಾರೆಣಿಸಿದ್ದರು!

ಮುಂಭಾರ, ಹಿಂಭಾರ

ಆದರೆ ಆ ಶೆಡ್ಡಿನಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದಿಟ್ಟದ್ದು ತಗಡೂ ಅಲ್ಲ, ಅಚ್ಚೂ ಅಲ್ಲ. ಟ್ರೇಲರಿನ ಮೂತಿಗೆ, ಕಾರಿನ ಕೊಂಡಿಗೆ ಕೂರುವ ಜಾಗಕ್ಕೆ, ಮರದ ತುಂಡೊಂದನ್ನು ಆನಿಸಿ, ಅದರಡಿಗೆ ಮನೆಯಲ್ಲಿ ಮೈತೂಕ ನೋಡುವ ಯಂತ್ರವನ್ನು ಇಟ್ಟಿದ್ದರು. ಮುಳ್ಳು 52 ಕಿಲೋ ತೋರಿಸುತ್ತಿತ್ತು.

ಎತ್ತಿನಗಾಡಿ ಹೂಡಿದವರಿಗೆ ಮೂತಿಯ ಭಾರ ತೂಗುವುದೇಕೆಂದು ವಿವರಿಸಬೇಕಿಲ್ಲ. ಹೇರು ಮುಂದಕ್ಕೆ ಬಿದ್ದರೆ ಎತ್ತಿನ ಹೆಗಲು ಕುಸಿಯುತ್ತದೆ, ಹಿಂದಕ್ಕೆ ಬಿದ್ದರೆ ಮೂಕಿ ಮೇಲೆದ್ದು ಕೊರಳ ಪಟ್ಟಿ ಬಿಗಿಯುತ್ತದೆ. ಆ ಲೆಕ್ಕ ತಪ್ಪಿದರೆ ಎತ್ತು ನಿಂತುಬಿಡುತ್ತದೆ. ಕಾರು ನಿಲ್ಲುವುದಿಲ್ಲ, ಅಪಾಯವೂ ಅಲ್ಲೇ ಇದೆ. ಹಿಂಭಾರವಾದ ಟ್ರೇಲರ್ ನಿಧಾನದಲ್ಲಿ ಸಭ್ಯವಾಗಿಯೇ ಹಿಂಬಾಲಿಸುತ್ತದೆ. ವೇಗ ಒಂದು ಮಿತಿ ದಾಟಿದಾಗ ಸಣ್ಣದೊಂದು ಕುಲುಕು ಸಾಕು, ಬಾಲ ಎಡಕ್ಕೆ ಬಲಕ್ಕೆ ಬೀಸತೊಡಗುತ್ತದೆ. ಮುಂಭಾರ ಸರಿಯಿದ್ದರೆ ಆ ಬೀಸು ತಾನಾಗಿ ತಣಿಯುತ್ತದೆ, ಇಲ್ಲದಿದ್ದರೆ ಪ್ರತಿ ಬೀಸೂ ಹಿಂದಿನದಕ್ಕಿಂತ ದೊಡ್ಡದಾಗುತ್ತಾ ಕಡೆಗೆ ಕಾರನ್ನೇ ಎಳೆದು ಕೆಡವುತ್ತದೆ. ಹಾಗಾದಾಗ ಸ್ಟಿಯರಿಂಗ್ ತಿರುಗಿಸಿ ಸರಿಪಡಿಸಲು ಹೋಗಬಾರದು. ಕಾಲನ್ನು ಆಕ್ಸಿಲರೇಟರಿನಿಂದ ತೆಗೆದು, ಸ್ಟಿಯರಿಂಗನ್ನು ನೆಟ್ಟಗೆ ಹಿಡಿದು, ವೇಗ ತಾನಾಗಿ ಇಳಿಯಲು ಬಿಡಬೇಕು.

ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕೊಂಡಿಯ ಮೇಲೆ ಕೂರಬೇಕು ಎಂಬುದು ಒಪ್ಪಿತ ಸೂತ್ರ. ಇವರ ಟ್ರೇಲರ್ ಸಾಮಾನು ಸಮೇತ 400 ಕಿಲೋ. ಅಂದರೆ ಕೊಂಡಿಗೆ 40ರಿಂದ 60 ಕಿಲೋ ಬರಬೇಕು. ಮೊದಲ ಸಲ ತೂಗಿದಾಗ ಬಂದದ್ದು ಬರೀ 18. ಅಡುಗೆಮನೆ, ಪಾತ್ರೆ, ಸ್ಟೌ, 40 ಲೀಟರ್ ನೀರಿನ ತೊಟ್ಟಿ ಎಲ್ಲ ಹಿಂದೆಯೇ ಸೇರಿದ್ದವು. ತೊಟ್ಟಿ ಅಚ್ಚಿನಿಂದ ಮೂರಡಿ ಹಿಂದಿತ್ತು. ಅದನ್ನು ಕಳಚಿ ಅಚ್ಚಿನಿಂದ ಮೂರಡಿ ಮುಂದಕ್ಕೆ ಕೂರಿಸಿದರು. ಅಚ್ಚಿನಿಂದ ಕೊಂಡಿಗೆ ಏಳಡಿ. 40 ಕಿಲೋ ನೀರು ಆರಡಿ ಸರಿದರೆ, ನಲವತ್ತನ್ನು ಆರರಿಂದ ಗುಣಿಸಿ ಏಳರಿಂದ ಭಾಗಿಸಿ, ಕೊಂಡಿಗೆ 34 ಕಿಲೋ ಹೆಚ್ಚುತ್ತದೆ. ಹದಿನೆಂಟಕ್ಕೆ ಮೂವತ್ತನಾಲ್ಕು ಕೂಡಿದರೆ 52. ಮುಳ್ಳು ನಿಂತಿದ್ದು ಅಲ್ಲೇ.

ನಾನು ಅಷ್ಟಕ್ಕೆ ಬಿಡಲಿಲ್ಲ. ನೀರು ಖಾಲಿಯಾದಾಗ ಏನು ಗತಿ ಎಂದು ಕೇಳಿದೆ. ಅಣ್ಣ ಸುಣ್ಣದ ಕಡ್ಡಿ ಎತ್ತಿಕೊಂಡು ನೆಲದ ಮೇಲೇ ಲೆಕ್ಕ ಬರೆದರು. ಮುಂದಿರುವ ತೊಟ್ಟಿ ಬರಿದಾದರೆ ಕೊಂಡಿಯ ಮೇಲಿನ 17 ಕಿಲೋ ಇಳಿಯುತ್ತದೆ, ಉಳಿಯುವುದು 35. ಆಗ ಒಟ್ಟು ತೂಕವೂ 360ಕ್ಕೆ ಇಳಿದಿರುತ್ತದೆ, ಹೆಚ್ಚುಕಡಿಮೆ ನೂರಕ್ಕೆ ಹತ್ತರ ಅಂಚು. “ಹಂಗಾಗಿ ಹಿಂದಿರುಗುವಾಗಲೂ ಅರ್ಧ ತೊಟ್ಟಿ ನೀರು ಇಟ್ಟುಕೊಳ್ಳಬೇಕು” ಎಂದರು. ಇಷ್ಟು ಮುಂಗಾಣ್ಕೆಯ ಕೆಲಸವನ್ನು ನೋಡಿ ಮನಸ್ಸು ತುಂಬಿತು.

ಈ ಸೀಮೆಯಲ್ಲಂತೂ ಈ ಎಚ್ಚರ ಇರಲೇಬೇಕು. ಪಶ್ಚಿಮಘಟ್ಟದ ಸಾಲು ಪಾಲಕ್ಕಾಡಿನ ಬಳಿ ಒಡೆದಿದೆ. ನೈಋತ್ಯ ಮಾರುತ ಆ ಬಾಗಿಲಿನಿಂದ ನುಗ್ಗಿ ಪಲ್ಲಡಂ, ಕೇತನೂರು, ಪೂಲವಾಡಿ, ಉಡುಮಲೈ ಬಯಲಿನ ಮೇಲೆ ಬೀಸುತ್ತದೆ, ಗಾಳಿಯಂತ್ರಗಳು ಇಲ್ಲಿ ನೆಲೆನಿಂತದ್ದೂ ಅದಕ್ಕೇ. ತೆಂಕಣಕ್ಕೋ ಬಡಗಣಕ್ಕೋ ಹೋಗುವ ರಸ್ತೆಯಲ್ಲಿ ಆ ಗಾಳಿ ನೇರವಾಗಿ ಟ್ರೇಲರಿನ ಪಕ್ಕೆಗೆ ಹೊಡೆಯುತ್ತದೆ. ಆಳೆತ್ತರದ ಟ್ರೇಲರಿಗಿಂತ ನಾಲ್ಕಡಿಯ ಈ ಮೈಯೇ ಇಲ್ಲಿಗೆ ಸರಿ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಕಟ್ಟುವ ಕೈಗಳ ನಾಡು

ಇಂಥ ಕೆಲಸ ಕೊಯಮತ್ತೂರು ಸೀಮೆಯಲ್ಲಿ ಆದದ್ದು ಆಕಸ್ಮಿಕವಲ್ಲ. ಸೂಲೂರು ಬಳಿಯ ಕಲಂಗಲ್‌ನ ರೈತನ ಮಗ ಜಿ.ಡಿ. ನಾಯ್ಡು (1893–1974) 1920ರಲ್ಲಿ ಪೊಳ್ಳಾಚಿ–ಪಳನಿ ನಡುವೆ ಒಂದೇ ಬಸ್ಸಿನಿಂದ ಸಾರಿಗೆ ಶುರುಮಾಡಿದರು. 1937ರಲ್ಲಿ ಅವರು ಬಾಲಸುಂದರಂ ನಾಯ್ಡು ಅವರೊಡನೆ ಸೇರಿ ಮಾಡಿದ ದೇಶದ ಮೊದಲ ಸ್ವದೇಶಿ ವಿದ್ಯುತ್ ಮೋಟಾರು ಇಲ್ಲಿಂದಲೇ ಹೊರಬಂತು. ಮಿಲ್ಲುಗಳ ಮನೆತನದ ಕರಿವರ್ಧನ್ ಇದೇ ಊರಿನಲ್ಲಿ ಮಾರುತಿ ಎಂಜಿನ್ನಿಟ್ಟು ಅಗ್ಗದ ರೇಸ್ ಕಾರುಗಳನ್ನು ಕಟ್ಟಿ, ಹೊಸಬರಿಗೆ ರೇಸಿನ ಬಾಗಿಲು ತೆರೆದರು. ಪಕ್ಕದ ಕರೂರು ಬಸ್ಸಿನ ಬಾಡಿ ಕಟ್ಟುವುದಕ್ಕೆ, ನಾಮಕ್ಕಲ್ ಲಾರಿಯ ಬಾಡಿ ಕಟ್ಟುವುದಕ್ಕೆ ಹೆಸರುವಾಸಿ. ನಾಮಕ್ಕಲ್ ಕಡೆಯ ವಾಸ್ತುಶಿಲ್ಪಿ ಅರುಣ್ ಪ್ರಭು ಕೆಲವು ವರ್ಷಗಳ ಹಿಂದೆ ಆಟೋರಿಕ್ಷಾದ ಮೇಲೆ 36 ಚದರಡಿಯ ಮನೆ ಕಟ್ಟಿ, ಸುಮಾರು ಒಂದು ಲಕ್ಷ ರೂಪಾಯಿಯಲ್ಲಿ ಮುಗಿಸಿದ್ದು ದೇಶದ ಗಮನ ಸೆಳೆದಿತ್ತು.

ರಸ್ತೆಗೆ ಇಳಿಯದ ಮನೆ

ಇಷ್ಟೆಲ್ಲ ಆಗಿಯೂ ಅಣ್ಣನ ಟ್ರೇಲರ್ ಇನ್ನೂ ತೋಟದ ಬೇಲಿ ದಾಟಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 2(28)ನೇ ವಿಧಿಯ ಪ್ರಕಾರ ಎಂಜಿನ್ನಿಲ್ಲದ ಟ್ರೇಲರೂ ಮೋಟಾರು ವಾಹನವೇ. 39ನೇ ವಿಧಿಯಂತೆ ನೋಂದಣಿಯಿಲ್ಲದೆ ಅದು ಸಾರ್ವಜನಿಕ ರಸ್ತೆಗೆ ಬರುವಂತಿಲ್ಲ. ನಮ್ಮ ವ್ಯವಸ್ಥೆಗೆ ರೈತರ ಟ್ರ್ಯಾಕ್ಟರ್ ಟ್ರೇಲರ್ ಗೊತ್ತು, ಸರಕಿನ ಟ್ರೇಲರ್ ಗೊತ್ತು. ಎಂಜಿನ್ ಸಮೇತದ ಮೋಟಾರು ಕ್ಯಾರವಾನಿಗೂ ಎಐಎಸ್-124 ಎಂಬ ಮಾನದಂಡವಿದೆ, ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸ ನೀತಿಯನ್ನೇ ತಂದಿತು. ಮನೆಯಲ್ಲಿ ಒಂದೇ ಒಂದನ್ನು ಕಟ್ಟಿದವನು ಯಾವ ಸಾಲಿನಲ್ಲಿ ನಿಲ್ಲಬೇಕು ಎಂಬುದಕ್ಕೆ ಮಾತ್ರ ಹಸನಾದ ಉತ್ತರವಿಲ್ಲ.

ಆಸ್ಟ್ರೇಲಿಯಾ ಇದನ್ನು ಸುಲಭವಾಗಿ ಬಗೆಹರಿಸಿಕೊಂಡಿದೆ. ಸಣ್ಣ ಟ್ರೇಲರ್ ಕಟ್ಟುವವರಿಗೆಂದೇ ಅಲ್ಲಿನ ಸರ್ಕಾರ ಕೈಪಿಡಿ ಹೊರತಂದಿದೆ. ಅಳತೆ, ದೀಪ, ಸುರಕ್ಷತಾ ಸರಪಳಿ, ಬ್ರೇಕು ಎಲ್ಲ ಅದರಲ್ಲಿವೆ. 750 ಕಿಲೋ ಒಳಗಿನ ಒಂದೇ ಅಚ್ಚಿನ ಟ್ರೇಲರಿಗೆ ಬ್ರೇಕು ಕಡ್ಡಾಯವಿಲ್ಲ. ಅಮೆರಿಕದ ಹಲವು ರಾಜ್ಯಗಳು ಮನೆಯಲ್ಲಿ ಕಟ್ಟಿದ ಟ್ರೇಲರನ್ನು ತಪಾಸಣೆ ಮಾಡಿ ಸಂಖ್ಯೆ ಕೊಡುತ್ತವೆ. ನಮ್ಮಲ್ಲೂ ಕೇಂದ್ರದ ಸಾರಿಗೆ ಸಚಿವಾಲಯ 750 ಕಿಲೋ ಒಳಗಿನ, ಸ್ವಂತ ಬಳಕೆಯ ಟ್ರೇಲರುಗಳಿಗೆ ಇಂಥದೊಂದು ಕೈಪಿಡಿ ಹೊರತರಲಿ, ಆರ್‌ಟಿಒ ಕಚೇರಿಯಲ್ಲಿ ತೂಗಿ, ದೀಪ ಉರಿಸಿ, ಕೊಂಡಿ ಎಳೆದು ನೋಡಿ ನೋಂದಾಯಿಸುವ ದಾರಿ ತೆರೆಯಲಿ. ಸುರಕ್ಷತೆಯ ವಿಷಯದಲ್ಲಿ ರಿಯಾಯಿತಿ ಬೇಡ. ದಿಂಬಂ ಘಾಟಿಯ 27 ತಿರುವುಗಳನ್ನೋ ಆಳಿಯಾರಿನಿಂದ ವಾಲ್ಪಾರೈಗೆ ಏರುವ 40 ತಿರುವುಗಳನ್ನೋ ಬಲ್ಲವರು ರಿಯಾಯಿತಿ ಕೇಳುವುದೂ ಇಲ್ಲ.

ಕಟ್ಟಬೇಕೆಂಬ ಆಸೆ ಹುಟ್ಟಿದ ಓದುಗರಿಗೆ ಎರಡು ಮಾತು. ಕಬ್ಬಿಣ ಕೊಳ್ಳುವ ಮೊದಲು ನಿಮ್ಮ ಕಾರಿನ ಕೈಪಿಡಿಯಲ್ಲಿ ಎಳೆಯುವ ಸಾಮರ್ಥ್ಯ ಬರೆದಿದೆಯೇ ನೋಡಿ, ಸಾರಿಗೆ ಕಚೇರಿಗೆ ಹೋಗಿ ನೋಂದಣಿಯ ದಾರಿ ವಿಚಾರಿಸಿ. ಒಳಗೆ ಸ್ಟೌ ಹಚ್ಚಬೇಡಿ, ಮುಚ್ಚಿದ ಸಣ್ಣ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಸದ್ದಿಲ್ಲದೆ ಕೊಲ್ಲುತ್ತದೆ. ಕಾಗದಪತ್ರ ಕೈಗೆ ಬರುವವರೆಗೆ ನಿಮ್ಮ ಬಿಡಾರ ನಿಮ್ಮ ಜಮೀನಿನೊಳಗೇ ಇರಲಿ.