ಪಿಡಿಎಫ್ ನಕ್ಷೆಯನ್ನು ತಿದ್ದುವುದು ಹೇಗೆ?

ಮನೆಯೊಂದರ ನಕ್ಷೆ ನಿಮಗೆ ಪಿಡಿಎಫ್ ಕಡತವಾಗಿ ಬಂದಿದೆ ಎಂದಿಟ್ಟುಕೊಳ್ಳಿ. ತೆರೆಯ ಮೇಲೆ ಗೋಡೆ, ಬಾಗಿಲು, ಕಿಟಕಿ ಎಲ್ಲವೂ ಸ್ಪಷ್ಟವಾಗಿ ಕಾಣುತ್ತವೆ. ಆದರೆ ಬಾಗಿಲನ್ನು ಒಂದಡಿ ಪಕ್ಕಕ್ಕೆ ಸರಿಸಲು ಹೊರಟರೆ ಅದು ಕದಲುವುದಿಲ್ಲ. ಏಕೆ?

1993ರಲ್ಲಿ ಅಡೋಬಿ ಸಂಸ್ಥೆ ಪಿಡಿಎಫ್ ಅನ್ನು ಹೊರತಂದದ್ದು, ಯಾವ ಕಂಪ್ಯೂಟರಿನಲ್ಲಿ ತೆರೆದರೂ ಪುಟ ಒಂದೇ ರೀತಿ ಕಾಣಲಿ ಎಂದು. ಅದರೊಳಗಿರುವುದು 'ಇಲ್ಲಿಂದ ಅಲ್ಲಿಗೆ ಗೆರೆ ಎಳೆ, ಇಲ್ಲಿ ಈ ಅಕ್ಷರವನ್ನಿಡು' ಎಂಬಂತಹ ಆದೇಶಗಳು. ಆ ಗೆರೆ ಗೋಡೆಯೋ ನೀರಿನ ಕೊಳವೆಯೋ ಅದಕ್ಕೆ ಬೇಕಿಲ್ಲ. ಆಟೋಕ್ಯಾಡ್‌ನಂತಹ ಕ್ಯಾಡ್ ತಂತ್ರಾಂಶದ ಕಡತದಲ್ಲಾದರೋ ಗೋಡೆಗಳು ಒಂದು ಪದರದಲ್ಲಿ, ವಿದ್ಯುತ್ ತಂತಿಗಳು ಇನ್ನೊಂದರಲ್ಲಿ ಇರುತ್ತವೆ. ಅಳತೆಗಳು ನಿಜವಾದ ಅಳತೆಗಳೇ ಆಗಿರುತ್ತವೆ.

ಪರಿವರ್ತನೆಗೆ ಮುನ್ನ ಕಡತ ಯಾವ ಬಗೆಯದೆಂದು ತಿಳಿಯಬೇಕು. ಪುಟವನ್ನು ಬಹಳ ಹಿಗ್ಗಿಸಿ ನೋಡಿ. ಗೆರೆ ಚೂಪಾಗಿಯೇ ಉಳಿದರೆ ಅದು ಕಂಪ್ಯೂಟರಿನಲ್ಲೇ ಬರೆದ ನಕ್ಷೆ. ಚುಕ್ಕೆ ಚುಕ್ಕೆಯಾಗಿ ಒಡೆದರೆ ಅದು ಸ್ಕ್ಯಾನ್ ಮಾಡಿದ ಚಿತ್ರ.

ಮೊದಲನೆಯದು ಸುಲಭ. ಆಟೋಕ್ಯಾಡ್‌ನ 2017ರ ಆವೃತ್ತಿಯಿಂದ ಈ ಸೌಲಭ್ಯ ಅದರೊಳಗೇ ಇದೆ. ಉಚಿತವಾಗಿ ಸಿಗುವ ಇಂಕ್‌ಸ್ಕೇಪ್ ಕೂಡ ಪಿಡಿಎಫ್ ಪುಟವನ್ನು ತೆರೆದು, ಕ್ಯಾಡ್ ತಂತ್ರಾಂಶಗಳು ಓದಬಲ್ಲ ಡಿಎಕ್ಸ್‌ಎಫ್ ರೂಪದಲ್ಲಿ ಉಳಿಸಿಕೊಡುತ್ತದೆ. ಒಂದು ವಿಚಿತ್ರವಿದೆ: ಪಿಡಿಎಫ್‌ನಲ್ಲಿ ವೃತ್ತ ಎಳೆಯುವ ಆದೇಶವೇ ಇಲ್ಲ! ಸಾಮಾನ್ಯವಾಗಿ ನಾಲ್ಕು ವಕ್ರರೇಖೆಗಳನ್ನು ಜೋಡಿಸಿ ವೃತ್ತದಂತೆ ತೋರಿಸುತ್ತಾರೆ. ಅದನ್ನು ಮತ್ತೆ ಕೇಂದ್ರ, ತ್ರಿಜ್ಯಗಳುಳ್ಳ ವೃತ್ತವೆಂದು ತಂತ್ರಾಂಶ ಊಹಿಸಬೇಕು.

ಸ್ಕ್ಯಾನ್ ಮಾಡಿದ ನಕ್ಷೆಯ ಕಥೆ ಬೇರೆ. ಅಂಗುಲಕ್ಕೆ 300 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದರೆ ಅರ್ಧ ಮಿಲಿಮೀಟರ್ ದಪ್ಪದ ಗೆರೆ ಸುಮಾರು 6 ಚುಕ್ಕೆ ಅಗಲವಿರುತ್ತದೆ. ತಂತ್ರಾಂಶ ಅದನ್ನು ಸವೆಸುತ್ತಾ ಬಂದು ನಡುಗೆರೆಯನ್ನು ಹಿಡಿಯುತ್ತದೆ. ಕಾಗದದ ಮಡಿಕೆಯೂ ಅದಕ್ಕೆ ಗೆರೆಯೇ. ಮಾಸಿದ 8 ಅದಕ್ಕೆ 3 ಆಗಬಹುದು. ಹಳೆಯ ನೀಲಿನಕ್ಷೆಯಾದರೆ ಚಿತ್ರವನ್ನು ಅಡಿಯಲ್ಲಿಟ್ಟುಕೊಂಡು ಮೇಲೆ ಕೈಯಾರೆ ಬರೆಯುವುದೇ ಮೇಲೆಂದು ನನ್ನ ಅನಿಸಿಕೆ.

ಇನ್ನು ಅಳತೆಯ ವಿಷಯ. ಕೆಲವು ವರ್ಷಗಳ ಹಿಂದೆ ಒಂದು ಕಾರ್ಯಕ್ರಮದ ಸೆಟ್‌ಗಾಗಿ 1:20 ಪ್ರಮಾಣದ ನಕ್ಷೆ ಪಿಡಿಎಫ್ ಆಗಿ ಬಂತು. 3 ಮೀಟರ್ ಗೋಡೆ ಪುಟದ ಮೇಲೆ 150 ಮಿ.ಮೀ. ಇರಬೇಕು. ಕಡತ ತಯಾರಿಸುವಾಗ 'ಪುಟಕ್ಕೆ ಹೊಂದಿಸು' ಎಂಬ ಆಯ್ಕೆ ಒತ್ತಿದ್ದರಿಂದ ಅದು 144ಕ್ಕೆ ಕುಗ್ಗಿತ್ತು. ಪರಿವರ್ತಿಸಿ 20ರಿಂದ ಗುಣಿಸಿದಾಗ ಬಂದದ್ದು 2.88 ಮೀಟರ್. ಗೋಡೆಯ ಪಕ್ಕದಲ್ಲೇ 3000 ಎಂದು ಬರೆದಿತ್ತು; ನಾನು ಓದಲಿಲ್ಲ. ಬಡಗಿಯವರು ಪ್ಲೈವುಡ್ಡನ್ನು 12 ಸೆಂ.ಮೀ. ಗಿಡ್ಡವಾಗಿ ಕತ್ತರಿಸಿಬಿಟ್ಟಿದ್ದರು. ಪಟ್ಟಿ ಜೋಡಿಸಿ, ಬಣ್ಣ ಬಳಿದು ಮುಚ್ಚಿದೆವು.

ಕಂಪ್ಯೂಟರಿನಲ್ಲಿ ಇದಕ್ಕೆ ಮದ್ದು ಸರಳ. ನಕ್ಷೆಯಲ್ಲಿ ಬರೆದಿರುವ ಒಂದು ಉದ್ದನೆಯ ಅಳತೆಯನ್ನು ತೆಗೆದುಕೊಳ್ಳಿ. ಅದನ್ನು ತೆರೆಯ ಮೇಲಿನ ಅಳತೆಯಿಂದ ಭಾಗಿಸಿ: 3000 ÷ 2880, ಅಂದರೆ ಸುಮಾರು 1.0417. ಇಡೀ ನಕ್ಷೆಯನ್ನು ಅಷ್ಟು ಪಟ್ಟು ಹಿಗ್ಗಿಸಿ. ಆಮೇಲೆ ಅಡ್ಡಡ್ಡಲಾಗಿ ಒಂದು, ಉದ್ದುದ್ದಕ್ಕೆ ಒಂದು ಅಳತೆಯನ್ನು ಮತ್ತೆ ನೋಡಿ. ಸ್ಕ್ಯಾನ್ ಮಾಡುವಾಗ ಕಾಗದ ಜಗ್ಗಿದ್ದರೆ ಎರಡೂ ಒಂದೇ ಸಮ ಹಿಗ್ಗಿರುವುದಿಲ್ಲ.