ಮೊಲ ಬೇಟೆಯ ಕೂಗು ಬಡಾವಣೆಯ ಹೆಸರಾದ ಕಥೆ

ಇಂಗ್ಲಿಷ್ ಕಾದಂಬರಿಗಳನ್ನು ಓದುವವರಿಗೆ, ವಿದೇಶಿ ಚಿತ್ರಗಳನ್ನು ನೋಡುವವರಿಗೆ ‘ಸೋಹೊ’ ಎಂಬ ಹೆಸರು ಹೊಸದೇನಲ್ಲ. ಕವಿಗಳು, ಚಿತ್ರಕಾರರು, ಸಂಗೀತಗಾರರು, ಬಾಡಿಗೆ ಬಾಕಿ ಉಳಿಸಿಕೊಂಡ ಕ್ರಾಂತಿಕಾರಿಗಳು ಕೂಡುವ ಕೇರಿ ಎಂದರೆ ಸೋಹೊ. ಆದರೆ ಒಂದು ಕಥೆಯಲ್ಲಿ ಅದು ಲಂಡನ್ನಿನಲ್ಲಿರುತ್ತದೆ, ಇನ್ನೊಂದರಲ್ಲಿ ನ್ಯೂಯಾರ್ಕಿನಲ್ಲಿ. ಹಾಂಗ್‌ಕಾಂಗ್‌ಗೆ ಹೋದರೆ ಅಲ್ಲೂ ಒಂದು ಸೋಹೊ! ಇವುಗಳಲ್ಲಿ ಯಾವುದು ನಿಜವಾದದ್ದು? ಮೂರೂ ನಿಜವೇ. ಆದರೆ ಮೂರರ ಅರ್ಥ ಬೇರೆ ಬೇರೆ.

ಹಿರಿಯದು ಲಂಡನ್ನಿನದು. ಈಗ ಇಕ್ಕಟ್ಟಾದ ಬೀದಿಗಳಿಂದ ತುಂಬಿರುವ ಈ ಜಾಗ ಹಿಂದೆ ಬರೀ ಬಯಲು. 1536ರಲ್ಲಿ ದೊರೆ ಎಂಟನೇ ಹೆನ್ರಿ ಇದನ್ನು ವಶಪಡಿಸಿಕೊಂಡು ಅರಮನೆಗೆ ಸೇರಿದ ಬೇಟೆಯ ಬಯಲು ಮಾಡಿಕೊಂಡ. ಮೊಲ ಕಣ್ಣಿಗೆ ಬಿದ್ದಾಗ ಬೇಟೆಗಾರರು ಹಾಕುತ್ತಿದ್ದ ಕೂಗು ‘ಸೋ ಹೋ’. ಬೇಟೆ ನಿಂತು ಮನೆಗಳು ಎದ್ದರೂ ಕೂಗು ಮಾತ್ರ ಹೆಸರಾಗಿ ಉಳಿಯಿತು ಎಂಬುದು ಬಹುತೇಕರು ಒಪ್ಪಿರುವ ವಿವರಣೆ. ಶೇಕ್ಸ್‌ಪಿಯರನ ‘ರೋಮಿಯೊ ಅಂಡ್ ಜೂಲಿಯೆಟ್’ ನಾಟಕದಲ್ಲಿ ಮರ್ಕ್ಯೂಶಿಯೊ ಇದೇ ಕೂಗು ಹಾಕಿ ಮೊಲದ ಮೇಲೆ ಶ್ಲೇಷೆ ಮಾಡುತ್ತಾನೆ. ಅಂದರೆ 16ನೇ ಶತಮಾನದ ಕೊನೆಗೇ ಪ್ರೇಕ್ಷಕರಿಗೆ ಆ ಕೂಗು ಚೆನ್ನಾಗಿ ಪರಿಚಿತವಾಗಿತ್ತು.

ಇದಕ್ಕಿಂತ ರೋಚಕವಾದ ಇನ್ನೊಂದು ಕಥೆಯೂ ಉಂಟು. 1685ರಲ್ಲಿ ದೊರೆಯ ವಿರುದ್ಧ ದಂಗೆ ಎದ್ದ ಮನ್‌ಮತ್‌ನ ಡ್ಯೂಕ್, ಸೆಜ್‌ಮೂರ್ ಕದನದಲ್ಲಿ ‘ಸೋಹೊ’ ಎಂಬುದನ್ನೇ ತನ್ನ ಸೈನಿಕರ ಸಂಕೇತಪದ ಮಾಡಿದ್ದನಂತೆ. ಊರಿಗೆ ಹೆಸರು ಬಂದದ್ದು ಅದರಿಂದ ಎನ್ನುವವರಿದ್ದಾರೆ. ಆದರೆ ದಾಖಲೆಗಳಲ್ಲಿ ಈ ಸ್ಥಳನಾಮ 1630ರ ದಶಕದಲ್ಲೇ ಕಾಣಿಸುತ್ತದೆ. ಡ್ಯೂಕನ ಮನೆ ಇದ್ದುದೂ ಸೋಹೊದಲ್ಲೇ. ಹೀಗಾಗಿ ಊರಿನ ಹೆಸರು ಯುದ್ಧಕ್ಕೆ ಹೋಗಿರಬಹುದೇ ಹೊರತು ಯುದ್ಧದ ಹೆಸರು ಊರಿಗೆ ಬಂದಿರಲಾರದು.

ಹೆಸರಿಗೆ ಖ್ಯಾತಿ ತಂದವರು ನಿರಾಶ್ರಿತರು ಮತ್ತು ಬಡವರು. ಫ್ರಾನ್ಸಿನಲ್ಲಿ ಕಿರುಕುಳಕ್ಕೆ ಒಳಗಾದ ಹ್ಯೂಗನಾಟ್ ಪ್ರಾಟೆಸ್ಟೆಂಟರು 17ನೇ ಶತಮಾನದ ಕೊನೆಯಲ್ಲಿ ಇಲ್ಲಿ ನೆಲೆಸಿದರು. ಆಮೇಲೆ ಇಟಲಿಯವರು, ಪೂರ್ವ ಯುರೋಪಿನ ಯಹೂದಿಗಳು ಬಂದರು. ಶ್ರೀಮಂತರು ಪಶ್ಚಿಮದ ಬಡಾವಣೆಗಳಿಗೆ ಹೊರಟುಹೋದ್ದರಿಂದ ಕೋಣೆಗಳು ಅಗ್ಗವಾಗಿದ್ದವು. ಕಾರ್ಲ್ ಮಾರ್ಕ್ಸ್ 1850ರ ದಶಕದ ಮೊದಲ ಭಾಗವನ್ನು ಸಂಸಾರ ಸಮೇತ ಕಳೆದದ್ದು ಇಲ್ಲಿನ ಡೀನ್ ಸ್ಟ್ರೀಟ್‌ನಲ್ಲಿ, ಕಡು ಕಷ್ಟದಲ್ಲಿ. ಅವನ ಇಬ್ಬರು ಮಕ್ಕಳು ಅದೇ ಬೀದಿಯ ಮನೆಯಲ್ಲಿ ತೀರಿಕೊಂಡರು. ಬೊಹೀಮಿಯನ್ ಬದುಕು ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವ ಸಿಗರೇಟು, ಗಿಟಾರು, ತಡರಾತ್ರಿಯ ಹರಟೆಗಳ ಹಿಂದೆ ಇಂಥ ಬಡತನವೂ ಇತ್ತೆಂಬುದನ್ನು ಮರೆಯುವಂತಿಲ್ಲ. ಇದೇ ಡೀನ್ ಸ್ಟ್ರೀಟ್‌ನಲ್ಲಿ 1948ರಲ್ಲಿ ತೆರೆದ ಕಾಲನಿ ರೂಮ್ ಕ್ಲಬ್ ಫ್ರಾನ್ಸಿಸ್ ಬೇಕನ್‌ರಂಥ ಚಿತ್ರಕಾರರ ಅಡ್ಡೆಯಾಗಿತ್ತು. 2008ರಲ್ಲಿ ಅದೂ ಮುಚ್ಚಿತು.

ಇನ್ನು ನ್ಯೂಯಾರ್ಕಿನ ಸೋಹೊಗೂ ಮೊಲಕ್ಕೂ ಸಂಬಂಧವೇ ಇಲ್ಲ. ಅದು ‘ಸೌತ್ ಆಫ್ ಹೌಸ್ಟನ್’, ಅಂದರೆ ಹೌಸ್ಟನ್ ಸ್ಟ್ರೀಟ್‌ನ ದಕ್ಷಿಣ, ಎಂಬುದರ ಮೊಟಕು ರೂಪ. ಭೈರಸಂದ್ರ, ತಾವರೆಕೆರೆ, ಮಡಿವಾಳ ಸೇರಿ ಬೆಂಗಳೂರಿನ ಬಿಟಿಎಂ ಆದ ಹಾಗೆ! ಇಂಗ್ಲಿಷಿನಲ್ಲಾದರೆ ನಡುವಿನ ಅಕ್ಷರವನ್ನೂ ದೊಡ್ಡದಾಗಿ ಬರೆದು ಇದು ನ್ಯೂಯಾರ್ಕಿನದು ಎಂದು ತೋರಿಸುತ್ತಾರೆ. ಕನ್ನಡದಲ್ಲಿ ಆ ಅನುಕೂಲವಿಲ್ಲ, ಸಂದರ್ಭ ನೋಡಿಯೇ ತಿಳಿಯಬೇಕು.

1960ರ ದಶಕದ ಆರಂಭದಲ್ಲಿ ಈ ಪ್ರದೇಶವನ್ನು ಅಧ್ಯಯನ ಮಾಡಿದ ನಗರ ಯೋಜಕ ಚೆಸ್ಟರ್ ರಾಪ್ಕಿನ್ ಅವರನ್ನೇ ಹೆಸರಿನ ಜನಕ ಎನ್ನುವುದು ರೂಢಿ. ಆಗ ಅಲ್ಲಿದ್ದುದು ಎರಕದ ಕಬ್ಬಿಣದ ಮುಂಭಾಗದ ಹಳೆಯ ಕಾರ್ಖಾನೆಗಳು. ಖಾಲಿಯಾದ ಮಹಡಿಗಳಿಗೆ ಕಲಾವಿದರು ಕದ್ದುಮುಚ್ಚಿ ಸೇರಿಕೊಂಡಿದ್ದರು. ಬೆಂಕಿ ಬಿದ್ದರೆ ಒಳಗೆ ಜನರಿದ್ದಾರೆಂದು ಅಗ್ನಿಶಾಮಕ ದಳಕ್ಕೆ ತಿಳಿಯಲು ಬಾಗಿಲ ಬಳಿ ಫಲಕ ಹಾಕುವ ಏರ್ಪಾಡೂ ಆಯಿತು. ಕೊನೆಗೆ 1971ರಲ್ಲಿ ನಗರಾಡಳಿತ, ಕಲಾವಿದರೆಂದು ಪ್ರಮಾಣಪತ್ರ ಪಡೆದವರು ಅಲ್ಲಿ ವಾಸಿಸಬಹುದೆಂದು ಒಪ್ಪಿತು.

ಕಲಾವಿದರ ಹಿಂದೆಯೇ ಗ್ಯಾಲರಿಗಳು, ಗ್ಯಾಲರಿಗಳ ಹಿಂದೆ ಬಟ್ಟೆ ಅಂಗಡಿಗಳು, ಅವುಗಳ ಹಿಂದೆ ಕೋಟ್ಯಧಿಪತಿಗಳು ಬಂದರು. ಹೆಸರು ದುಬಾರಿಯಾಯಿತು, ಹೆಸರು ತಂದುಕೊಟ್ಟವರು ಬಾಡಿಗೆ ಕಟ್ಟಲಾಗದೆ ಹೊರಟರು. 2021ರಲ್ಲಿ ನಿಯಮ ಬದಲಾಗಿ, ಕಲಾವಿದರಿಗೆ ಮೀಸಲಾದ ಮನೆಗಳನ್ನು ಇತರರೂ ಕಲಾನಿಧಿಗೆ ಹಣ ತೆತ್ತು ಸಾಮಾನ್ಯ ಮನೆಗಳಾಗಿ ಬದಲಿಸಿಕೊಳ್ಳುವ ದಾರಿ ತೆರೆಯಿತು. ನಮ್ಮ ಅಕ್ರಮ-ಸಕ್ರಮ ನೆನಪಾದರೆ ಆಶ್ಚರ್ಯವಿಲ್ಲ.

ಅಷ್ಟರಲ್ಲಿ ಹೆಸರಿನ ಸೂತ್ರ ಎಲ್ಲರ ಕೈಗೂ ಸಿಕ್ಕಿತ್ತು. ನ್ಯೂಯಾರ್ಕಿನಲ್ಲೇ ನೋಹೊ, ಟ್ರೈಬೆಕಾ, ನೊಲೀಟಾಗಳು ಹುಟ್ಟಿದವು. ಹಾಂಗ್‌ಕಾಂಗ್‌ನಲ್ಲಿ ಹಾಲಿವುಡ್ ರೋಡ್‌ನ ದಕ್ಷಿಣ ಭಾಗ ಸೋಹೊ ಆಯಿತು.

ಸ್ವಾರಸ್ಯವೆಂದರೆ, ಈ ಸೂತ್ರ ಮರಳಿ ಲಂಡನ್ನಿಗೇ ಬಂದದ್ದು. ಸೋಹೊದ ಉತ್ತರಕ್ಕೆ, ಆಕ್ಸ್‌ಫರ್ಡ್ ಸ್ಟ್ರೀಟ್‌ನ ಆಚೆ, ಫಿಟ್ಜ್‌ರೋವಿಯಾ ಎಂಬ ಕೇರಿಯಿದೆ. 1930ರ ದಶಕದಲ್ಲಿ ಸಾಹಿತಿಗಳು ಸೇರುತ್ತಿದ್ದ ಫಿಟ್ಜ್‌ರಾಯ್ ಟ್ಯಾವರ್ನ್ ಎಂಬ ಪಬ್‌ನೊಂದಿಗೆ ತಳುಕು ಹಾಕಿಕೊಂಡ ಹೆಸರು ಅದು. 2000ದ ದಶಕದಲ್ಲಿ ಕಟ್ಟಡ ವ್ಯವಹಾರದವರು ಅದನ್ನು ‘ನೋಹೊ’ ಎಂದು ಕರೆಯತೊಡಗಿದರು. ಮುಚ್ಚಿದ್ದ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ಜಾಗದಲ್ಲಿ ‘ನೋಹೊ ಸ್ಕ್ವೇರ್’ ಎಂಬ ಐಷಾರಾಮಿ ಸಮುಚ್ಚಯದ ಯೋಜನೆಯೂ ಸಿದ್ಧವಾಯಿತು. ನಿವಾಸಿಗಳು ಸಿಟ್ಟಿಗೆದ್ದರು. ತಾವು ಇರುವ ಊರನ್ನು ಬೇರೊಂದು ಊರಿನ ಉತ್ತರ ದಿಕ್ಕು ಮಾಡುವುದನ್ನು ಯಾರು ತಾನೇ ಸಹಿಸಿಯಾರು? ಇತ್ತ 2008ರ ಆರ್ಥಿಕ ಕುಸಿತದಲ್ಲಿ ಯೋಜನೆಯೂ ನಿಂತಿತು. ಮುಂದೆ ಬೇರೆಯವರು ಅಲ್ಲಿ ಕಟ್ಟಡ ಎಬ್ಬಿಸಿ ಅದಕ್ಕೆ ಇಟ್ಟ ಹೆಸರು ಫಿಟ್ಜ್‌ರಾಯ್ ಪ್ಲೇಸ್.