ಕಬ್ಬಿನ ಸಕ್ಕರೆಯಿಂದ ಮಣ್ಣಿನಲ್ಲಿ ಕೊಳೆಯುವ ಪ್ಲಾಸ್ಟಿಕ್

ಟೊಮೆಟೊ, ಕಲ್ಲಂಗಡಿ ಬೆಳೆಯುವ ರೈತ ಬಾಂಧವರಲ್ಲಿ ಅನೇಕರು ಈಗ ಮಡಿಗಳ ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಕುತ್ತಾರೆ. ಕಳೆ ಕಡಿಮೆಯಾಗುತ್ತದೆ, ತೇವವೂ ಉಳಿಯುತ್ತದೆ. ಆದರೆ ಬೆಳೆ ಮುಗಿದ ಮೇಲೆ ಹರಿದ ಚೂರುಗಳು ನೇಗಿಲಿಗೆ ಸಿಕ್ಕಿಕೊಳ್ಳುವುದನ್ನೂ ವರ್ಷಗಟ್ಟಲೆ ಮಣ್ಣಿನಲ್ಲಿ ಹಾಗೆಯೇ ಉಳಿಯುವುದನ್ನೂ ನೀವು ಕಂಡೇ ಇರುತ್ತೀರಿ. ಕಲ್ಲೆಣ್ಣೆಯಿಂದ ತಯಾರಾದ ಈ ಹಾಳೆಯನ್ನು ಮಣ್ಣಿನ ಅಣುಜೀವಿಗಳು ಅರಗಿಸಿಕೊಳ್ಳಲಾರವು. ಅಣುಜೀವಿಗಳೇ ತಮ್ಮ ಆಹಾರಕ್ಕೆಂದು ಕೂಡಿಟ್ಟ ಪ್ಲಾಸ್ಟಿಕ್ ಒಂದಿದೆ. ಅದರ ಮಾತೇ ಬೇರೆ.

1926ರಲ್ಲಿ ಫ್ರಾನ್ಸಿನ ಮಾರಿಸ್ ಲೆಮ್ವಾನ್ಯ ಎಂಬ ವಿಜ್ಞಾನಿ ಒಂದು ಬ್ಯಾಕ್ಟೀರಿಯಾದ ಒಳಗೆ ಈ ಪದಾರ್ಥವನ್ನು ಗುರುತಿಸಿದರು. ಇದಕ್ಕೆ ಚಿಕ್ಕದಾಗಿ ಪಿ.ಎಚ್.ಬಿ. ಎನ್ನುತ್ತಾರೆ. ಸಕ್ಕರೆ ಯಥೇಚ್ಛವಾಗಿದ್ದು ಸಾರಜನಕದ ಕೊರತೆಯಾದಾಗ ಬ್ಯಾಕ್ಟೀರಿಯಾ ಬೆಳೆಯಲಾರದು. ಆಗ ಅದು ಮಿಕ್ಕ ಸಕ್ಕರೆಯನ್ನು ಪಿ.ಎಚ್.ಬಿ. ಹರಳುಗಳಾಗಿ ಮಾರ್ಪಡಿಸಿ, ನಾವು ಹಗೇವಿನಲ್ಲಿ ಜೋಳ ತುಂಬಿದಂತೆ, ಒಡಲಲ್ಲಿ ತುಂಬಿಕೊಳ್ಳುತ್ತದೆ. ಕೆಲವು ಜಾತಿಗಳಲ್ಲಿ ಒಣ ತೂಕದ ಶೇ. 80ರಷ್ಟು ಇದೇ ಇರುವುದುಂಟು. ನೀವು ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಲೇಪಿಸುವ ರೈಜೋಬಿಯಂ, ಅಜೊಟೊಬ್ಯಾಕ್ಟರ್‌ಗಳಲ್ಲಿಯೂ ಈ ಗುಣವಿದೆ.

ಸಕ್ಕರೆ ಒಡೆದಾಗ ದೊರೆಯುವ ಸಣ್ಣ ತುಣುಕುಗಳನ್ನು ಎರಡೆರಡಾಗಿ ಜೋಡಿಸಲು ಒಂದು ಕಿಣ್ವ, ಅದನ್ನು ಮಣಿಯ ರೂಪಕ್ಕೆ ತರಲು ಇನ್ನೊಂದು, ಸಾವಿರಾರು ಮಣಿಗಳನ್ನು ಸರವಾಗಿ ಪೋಣಿಸಲು ಮತ್ತೊಂದು. ಹೀಗೆ ಮೂರು ಕಿಣ್ವ, ಅವಕ್ಕೆ ಮೂರು ವಂಶವಾಹಿಗಳು. 1988ರಲ್ಲಿ ಅಮೆರಿಕದ ವಿಜ್ಞಾನಿಗಳು ಈ ಮೂರನ್ನೂ ಇ. ಕೋಲಿ ಎಂಬ ಬ್ಯಾಕ್ಟೀರಿಯಾಕ್ಕೆ ಸೇರಿಸಿದ ವರದಿಯನ್ನು ಪ್ರಕಟಿಸಿದರು. ಇ. ಕೋಲಿ ಬೇಗ ಬೆಳೆಯುತ್ತದೆ. ಜೊತೆಗೆ ಪಿ.ಎಚ್.ಬಿ.ಯನ್ನು ಕರಗಿಸುವ ಕಿಣ್ವ ಅದರಲ್ಲಿಲ್ಲದ ಕಾರಣ, ಕೂಡಿಟ್ಟದ್ದನ್ನು ತಾನೇ ತಿಂದು ಮುಗಿಸುವ ಭಯವಿಲ್ಲ! ಇಂತಹ ಮಾರ್ಪಡಿಸಿದ ಬ್ಯಾಕ್ಟೀರಿಯಾಗಳನ್ನು ಹೊಲಕ್ಕೆ ಬಿಡುವುದಿಲ್ಲ. ಮುಚ್ಚಿದ ಉಕ್ಕಿನ ತೊಟ್ಟಿಗಳಲ್ಲಿ ಬೆಳೆಸಿ, ಕೊಂದು, ಒಡೆದು, ಬಿಳಿ ಪುಡಿಯನ್ನು ಬೇರ್ಪಡಿಸುತ್ತಾರೆ. ಪುಡಿಯನ್ನು ಕರಗಿಸಿ ಅಚ್ಚಿಗೆ ಹೊಯ್ಯಬಹುದು.

ಹಾಗಾದರೆ ಇದು ಪೇಟೆಯಲ್ಲಿ ಅಗ್ಗವಾಗಿ ಏಕೆ ಸಿಗುತ್ತಿಲ್ಲ? ಬ್ರೆಜಿಲ್ ದೇಶದ ಸಾವೊ ಪೌಲೊ ಪ್ರಾಂತದಲ್ಲಿ 1990ರ ದಶಕದಲ್ಲಿ ಸಕ್ಕರೆ ಕಾರ್ಖಾನೆಯೊಂದರ ಜೊತೆಗೇ ಪಿ.ಎಚ್.ಬಿ. ಪ್ರಾಯೋಗಿಕ ಘಟಕ ನಡೆಸಿದರು. ಕಬ್ಬಿನ ಸಿಪ್ಪೆ ಉರಿಸಿ ಉಗಿ, ವಿದ್ಯುತ್ತು ಪಡೆದರು. ಆದರೂ 1 ಕಿಲೋ ಪಿ.ಎಚ್.ಬಿ.ಗೆ ಸುಮಾರು 3 ಕಿಲೋ ಸಕ್ಕರೆ ಬೇಕಾಯಿತು. ಟನ್ ಕಬ್ಬಿಗೆ 100 ಕಿಲೋ ಸಕ್ಕರೆ ಎಂದು ಹಿಡಿದರೂ ದೊರೆಯುವುದು 33 ಕಿಲೋ ಮಾತ್ರ. ತೊಟ್ಟಿಗೆ ಗಾಳಿ ಊದುವ, ಪುಡಿ ಬೇರ್ಪಡಿಸುವ ಖರ್ಚು ಬೇರೆ. ಸಕ್ಕರೆಯ ಬದಲು ಕಾಕಂಬಿ ಬಳಸಿದರೆ ಖರ್ಚು ಇಳಿಯುತ್ತದೆ, ಆದರೆ ಕಾಕಂಬಿಗೆ ಮದ್ಯಸಾರದ ಕಾರ್ಖಾನೆಗಳ ಪೈಪೋಟಿಯಿದೆ. ಶುದ್ಧ ಪಿ.ಎಚ್.ಬಿ. ಬಾಗಿಸಿದರೆ ಮುರಿಯುತ್ತದೆ ಎಂಬ ದೋಷವೂ ಉಂಟು; ಬೇರೆ ಬಗೆಯ ಮಣಿಗಳನ್ನು ಸರದಲ್ಲಿ ಬೆರೆಸಿ ಅದನ್ನು ತಕ್ಕಮಟ್ಟಿಗೆ ಸರಿಪಡಿಸುತ್ತಾರೆ. ಇದನ್ನು ನಂಬಿ ಕಬ್ಬಿಗೆ ಹೆಚ್ಚಿನ ದರ ಬರುವುದೆಂದು ಯಾರಾದರೂ ಹೇಳಿದರೆ ಈಗಲೇ ಲೆಕ್ಕ ಹಾಕಬೇಡಿ.

ಇನ್ನೊಂದು ಮಾತನ್ನು ಹೊದಿಕೆ ಹಾಳೆ ಕೊಳ್ಳುವವರು ಮರೆಯಬಾರದು. ಗಿಡದಿಂದ ಬಂದ ಪ್ಲಾಸ್ಟಿಕ್ಕೆಲ್ಲ ಮಣ್ಣಿನಲ್ಲಿ ಕೊಳೆಯುವುದಿಲ್ಲ. ಬ್ರೆಜಿಲ್‌ನಲ್ಲಿಯೇ 2010ರಿಂದ ಕಬ್ಬಿನ ಮದ್ಯಸಾರದಿಂದ ಪಾಲಿಥೀನ್ ತಯಾರಿಸುತ್ತಿದ್ದಾರೆ. ಅದು ಸಾಮಾನ್ಯ ಪಾಲಿಥೀನಿನಷ್ಟೇ ಗಟ್ಟಿಪಿಂಡ. ಮೆಕ್ಕೆಜೋಳದ ಸಕ್ಕರೆಯನ್ನು ಹುಳಿಸಿ ಮಾಡುವ ಪಿ.ಎಲ್.ಎ. ಚೆನ್ನಾಗಿ ಕೊಳೆಯಲು ಕಾಂಪೋಸ್ಟ್ ಕಾರ್ಖಾನೆಯ ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಹೊಲದ ಮಣ್ಣಿನಲ್ಲಿ ಅಷ್ಟು ಶಾಖವೆಲ್ಲಿ? ಆದುದರಿಂದ ಚೀಟಿಯ ಮೇಲೆ ‘ಸಸ್ಯಮೂಲ’ ಎಂದಷ್ಟೇ ಇದ್ದರೆ ಸಾಲದು. ‘ಕಾಂಪೋಸ್ಟ್ ಆಗುತ್ತದೆ’ ಎಂದಿದ್ದರೂ ಹೊಲದಲ್ಲಿಯೇ ಕೊಳೆಯುವುದೇ, ಎಷ್ಟು ತಿಂಗಳು ಬೇಕು ಎಂದು ಮಾರಾಟಗಾರರನ್ನು ಬರವಣಿಗೆಯಲ್ಲಿ ಕೇಳಿ. ಸರಿಯಾದ ಉತ್ತರ ಸಿಗದಿದ್ದಲ್ಲಿ, ಅದನ್ನೂ ಸಾಮಾನ್ಯ ಹಾಳೆಯಂತೆಯೇ ಭಾವಿಸಿ, ಕೊಯ್ಲಾದ ಕೂಡಲೇ ಉಳುಮೆಗೆ ಮುನ್ನ ಸುತ್ತಿ ಹೊಲದಿಂದ ಹೊರಗೆ ತೆಗೆಯಿರಿ.